ಮೂಲೆಯ ಕುರ್ಚಿ

ಅವಳು ಬಾಗಿಲಲ್ಲಿ ನಿಂತು "ನಾನೇ ಸರ್" ಎಂದಾಗ ಯಾರೆಂದು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ, ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಷ್ಟು ತಿಂಗಳು ಅವಳು ಅವನ ಪಾಲಿಗೆ ಕಂಪ್ಯೂಟರ್ ಪರದೆಯ ಒಂದು ನೀಲಿ ಚೌಕ. ಚೌಕದ ನಡುವೆ ಬಿಳಿಯ ಒಂದಕ್ಷರ. ಫ್ಯಾಮಿಲಿ ಡಾಕ್ಟರಾಗಲು ಹೊರಟವರು ಪಾಠವನ್ನು ಅವರವರ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೇಳಬೇಕು, ಕೆಲಸವನ್ನು ಮಾತ್ರ ಅವನಂಥ ಹಳಬರ ಕ್ಲಿನಿಕ್ಕಿಗೆ ಬಂದು ಕಲಿಯಬೇಕು ಎಂಬ ಹೊಸ ಏರ್ಪಾಡು ಬಂದಂದಿನಿಂದ ಅವನ ವಿದ್ಯಾರ್ಥಿಗಳೆಲ್ಲ ಚೌಕಗಳಾಗಿಬಿಟ್ಟಿದ್ದರು. ಕೆಂಪು ಚೌಕ ಮೇಲಿಂದ ಮೇಲೆ ಪ್ರಶ್ನೆ ಕೇಳುತ್ತದೆ, ಹಸಿರು ಚೌಕ ಯಾವಾಗಲೂ ತಡ, ನೀಲಿ ಚೌಕ ಮಾತೇ ಆಡುವುದಿಲ್ಲ, ಆದರೆ ಬರೆದು ಕಳಿಸುವ ಉತ್ತರ ಎಲ್ಲರಿಗಿಂತ ಚೊಕ್ಕವಾಗಿರುತ್ತದೆ. ಆ ಚೌಕ ಈಗ ಹೆಗಲಿಗೆ ಬ್ಯಾಗು ಹಾಕಿಕೊಂಡು, ಬಸ್ಸಿಳಿದು ಏರುರಸ್ತೆ ಹತ್ತಿ ಬಂದದ್ದಕ್ಕೆ ಮೂಗಿನ ತುದಿಯಲ್ಲಿ ಬೆವರು ಮೂಡಿಸಿಕೊಂಡು, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ನಿಂತಿತ್ತು. ಮೂವತ್ತು ದಾಟಿದ ಹೆಂಗಸು. "ಬನ್ನಿ ಬನ್ನಿ ಡಾಕ್ಟರ್" ಎಂದು ಅವನು ಎದ್ದು ನಿಂತ. ತರಬೇತಿಗೆ ಬಂದವರಿಗಾಗಿ ಅವನು ಎದ್ದು ನಿಂತದ್ದನ್ನು ಎಂದೂ ನೋಡಿರದ ಸಿಸ್ಟರ್, ಸೂಜಿಗಳ ಡಬ್ಬಿ ಹಿಡಿದುಕೊಂಡೇ ಒಮ್ಮೆ ಅವನ ಮುಖ, ಒಮ್ಮೆ ಅವಳ ಮುಖ ನೋಡಿದಳು.

ಹೋದ ವಾರದ ಪಾಠ ರೋಗಿಯ ಮಾತಿಗೆ ಕಿವಿಗೊಡುವುದು ಹೇಗೆ ಎನ್ನುವುದರ ಬಗ್ಗೆ. ಹಿಂದೆಲ್ಲ ಕಾಲೇಜಿನ ಹಾಲಿನಲ್ಲಿ ಅವನು ನಿಂತರೆ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಿದ್ದರು. ಯಾವ ಮಾತಿಗೆ ಎಲ್ಲಿಂದ ನಗು ಏಳುತ್ತದೆಂದು ಅವನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಚೌಕಗಳ ಮುಂದೆ ಅವನ ತಮಾಷೆಗಳು ಬಾವಿಗೆ ಹಾಕಿದ ಕಲ್ಲಾಗಿದ್ದವು. ಬಾವಿಯಾದರೂ ಗುಳುಂ ಅನ್ನುತ್ತದೆ. ಅವತ್ತು ಅರ್ಧ ಪಾಠವಾದ ಮೇಲೆ, ತನ್ನ ದನಿಯನ್ನು ತಾನೇ ಕೇಳಿ ಕೇಳಿ ರೋಸಿ, "ನೀಲಿ ಚೌಕದವರೇ, ಸ್ವಲ್ಪ ಮುಖ ತೋರಿಸಿ. ನಾನೇನು ಗೋಡೆಗೆ ಪಾಠ ಹೇಳ್ತಾ ಇದೀನಾ?" ಎಂದಿದ್ದ. "ಸರ್, ಇಲ್ಲಿ ಸ್ವಲ್ಪ ತೊಂದರೆ ಇದೆ" ಎಂದಿತ್ತು ದನಿ. "ಎಲ್ಲರ ಮನೇಲೂ ತೊಂದರೆ ಇರುತ್ತಮ್ಮ, ಕ್ಯಾಮೆರಾ ಹಾಕಿ." ಹಾಕಿದ್ದಳು. ಮಂಕು ಬೆಳಕಿನಲ್ಲಿ ಅವಳ ಮುಖ, ಹಿಂದೆ ಬಿಳಿ ಟೈಲ್ಸು, ಒಂದು ನಲ್ಲಿ, ಮೊಳೆಗೆ ನೇತುಹಾಕಿದ ಒದ್ದೆ ಟವೆಲು. ಬಚ್ಚಲಲ್ಲಿ ಕೂತಿದ್ದಳು. "ಓಹೋ! ಪರವಾಗಿಲ್ಲ ಬಿಡಿ, ಜ್ಞಾನೋದಯ ಎಲ್ಲಿ ಬೇಕಾದರೂ ಆಗಬಹುದು. ಆದ ಮೇಲೆ ನೀರು ಹಾಕೋದು ಮರೀಬೇಡಿ" ಎಂದುಬಿಟ್ಟಿದ್ದ. ಆಮೇಲೆ ಒಂದೊಂದೇ ಮೈಕು ತೆರೆದುಕೊಂಡು ಇಡೀ ಕ್ಲಾಸು ನಕ್ಕಿತ್ತು. ಎಷ್ಟು ತಿಂಗಳ ಮೇಲೆ ಕೇಳಿದ ನಗು ಅದು! ಅವನ ಬೆನ್ನು ತಾನಾಗಿ ನೆಟ್ಟಗಾಗಿತ್ತು. ಅವಳೂ ನಕ್ಕಿದ್ದಳು, ತುಟಿ ಮಾತ್ರ. ಆಮೇಲೆ ಮತ್ತೆ ನೀಲಿಯಾದಳು. ಉಳಿದ ಪಾಠವನ್ನು ಅವನು ಹಳೆಯ ಹುರುಪಿನಲ್ಲಿ ಹೇಳಿದ. ಒಳ್ಳೆಯ ಡಾಕ್ಟರು ರೋಗಿ ಹೇಳದೆ ಬಿಟ್ಟ ಮಾತನ್ನೂ ಕೇಳಿಸಿಕೊಳ್ಳಬೇಕು ಎಂದೆಲ್ಲ. ಮುಗಿಸಿ ಕಿವಿಯ ವೈರು ಕಿತ್ತಾಗ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಯಾರಿಗ್ರೀ ಹಾಗಂದಿದ್ದು?" "ತಮಾಷೆಗೆ ಕಣೇ." "ಅದು ಗೊತ್ತಾಯ್ತು. ಆಮೇಲೆ ಆ ಹುಡುಗಿ ಕ್ಲಾಸಲ್ಲಿ ಇದ್ದಳಾ?" ಅವನು ನೋಡಿರಲಿಲ್ಲ. ಹೆಂಡತಿ ಅಡುಗೆಮನೆಗೆ ತಿರುಗಿದಳು. ಅವನು ನೀಲಿ ಚೌಕಕ್ಕೆ ಕ್ಷಮಿಸಿ ಎಂದು ಟೈಪು ಮಾಡಿ, ಇದನ್ನು ದೊಡ್ಡದು ಮಾಡಿದರೆ ಅವಳಿಗೇ ಇನ್ನಷ್ಟು ಮುಜುಗರ ಎಂದು ತನಗೆ ತಾನೇ ಹೇಳಿಕೊಂಡು ಅಳಿಸಿದ. ಮಾರನೆಯ ದಿನವೂ ಟೈಪು ಮಾಡಿದ, ಅಳಿಸಿದ.

ಈಗ ಅವಳನ್ನು ತನ್ನ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಫ್ಯಾನು ಜೋರಾಯಿತೇ, ಟೀ ತರಿಸಲೇ, ಬೆನ್ನಿಗೆ ದಿಂಬು ಬೇಕೇ ಎಂದು ವಿಚಾರಿಸಿ, ತಾನು ಮೂಲೆಯ ಕುರ್ಚಿಗೆ ಹೋದ. ತರಬೇತಿಯ ಕ್ರಮ ಅದೇ: ಕಲಿಯುವವರು ರೋಗಿಯನ್ನು ನೋಡಬೇಕು, ಕಲಿಸುವವನು ರೋಗಿಯ ಬೆನ್ನ ಹಿಂದೆ ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು, ದಾರಿ ತಪ್ಪಿತೆಂದು ಕಂಡರೆ ಮಾತ್ರ ಬಾಯಿ ಹಾಕಬೇಕು. ಅವನು ದಾರಿ ತಪ್ಪುವವರೆಗೆ ಕಾಯುವವನೇ ಅಲ್ಲ ಎಂದು ಹುಡುಗರಲ್ಲಿ ಹೆಸರಾಗಿತ್ತು. ಸಿಸ್ಟರ್ ಮೊದಲ ರೋಗಿಯನ್ನು ಕರೆಯಲು ಹೋಗುವಾಗ ಅವನ ಕಿವಿಯ ಹತ್ತಿರ ಬಗ್ಗಿ, "ಇದೇನು ಡಾಕ್ಟ್ರೇ, ಇವತ್ತು ಬಾಯಲ್ಲಿ ಸಕ್ಕರೆ?" ಎಂದಳು. ಅವನು ಕೇಳಿಸದವನಂತೆ ಕೂತ.

ಮೊದಲು ಬಂದವಳು ಮಂಡಿನೋವಿನ ಮುದುಕಿ. ನೀಲಿ ಚೌಕ ಅವಳ ಕಡೆಗೆ ಕುರ್ಚಿ ತಿರುಗಿಸಿಕೊಂಡು, ಮೆಲ್ಲಗೆ, "ಈ ನೋವಿನ ಬಗ್ಗೆ ನಿಮಗೆ ಏನನ್ನಿಸುತ್ತಮ್ಮ?" ಎಂದು ಕೇಳಿದಳು. ಮುದುಕಿ ಅವಳನ್ನೇ ನೋಡಿ, "ಏನನ್ನಿಸುತ್ತೆ? ನೋವು ಅನ್ನಿಸುತ್ತೆ" ಅಂದಳು. ಬಂದ ನಗುವನ್ನು ಅವನು ಕೆಮ್ಮಾಗಿ ಬದಲಾಯಿಸಿದ. ಆ ಪ್ರಶ್ನೆ ಅವನದೇ. ಅವನದೇ ಪಾಠದಲ್ಲಿ, ದೊಡ್ಡ ಅಕ್ಷರದಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ಇದ್ದದ್ದು. ಕಾಲೇಜಿನ ಹಾಲಿನಲ್ಲಾಗಿದ್ದರೆ ಇದನ್ನು ಹೀಗೆ ಬರಿದಾಗಿ ಕೇಳಬಾರದು, ಮಾತು ಹದವಾದ ಮೇಲೆ ಕೇಳಬೇಕು ಎಂದು ತೋರಿಸಿಕೊಡುತ್ತಿದ್ದ. ಪರದೆಯ ಮೇಲೆ ವಾಕ್ಯ ಒಂದೇ ಉಳಿದಿತ್ತು, ಹದ ಉಳಿದಿರಲಿಲ್ಲ. ಅವಳ ಕತ್ತು ಕೆಂಪಾದದ್ದು ಮೂಲೆಯಿಂದಲೂ ಕಾಣಿಸಿತು. ಮುದುಕಿ ಹೋದ ಮೇಲೆ ಅದನ್ನು ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ. "ಚೆನ್ನಾಗಿ ಮಾತಾಡಿಸಿದ್ರಿ" ಎಂದ. ಅವಳು ತಿರುಗಿ ಅವನನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು.

ಅವನಿಗೆ ಕಲಿಸಿದ ದೊಡ್ಡ ಡಾಕ್ಟ್ರು ಹಾಗಿರಲಿಲ್ಲ. ಅವನು ಅವರ ಕೈಕೆಳಗೆ ಕಲಿಯುತ್ತಿದ್ದಾಗ ಒಮ್ಮೆ, ಸಾಲಾಗಿ ಹಾಸಿಗೆಗಳಿದ್ದ ವಾರ್ಡಿನಲ್ಲಿ, ಗೆಳೆಯರೆಲ್ಲ ಸುತ್ತ ನಿಂತಿರುವಾಗ, ಒಬ್ಬಳು ತಾಯಿಯ ಹೊಟ್ಟೆಯ ಮೇಲೆ ಇಟ್ಟ ಅವನ ಕೈಯನ್ನು ಹಿಡಿದೆತ್ತಿ ಪಕ್ಕಕ್ಕೆ ಹಾಕಿ, "ಕೈಯೇನೋ ಇದು, ಹೆಣದ ಕೈ? ಉಜ್ಜಿ ಬಿಸಿ ಮಾಡ್ಕೊಂಡು ಬಾ" ಎಂದಿದ್ದರು. ಮಲಗಿದ್ದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಕಿವಿ ಸುಟ್ಟುಹೋದ ಹಾಗಾಗಿತ್ತು ಅವನಿಗೆ, ಊಟ ಸೇರಿರಲಿಲ್ಲ. ಆದರೂ ಅವತ್ತಿನಿಂದ ಇವತ್ತಿನವರೆಗೆ ಅವನು ತಣ್ಣನೆ ಕೈಯಲ್ಲಿ ಯಾರನ್ನೂ ಮುಟ್ಟಿಲ್ಲ. ಬಚ್ಚಲಿನ ಮಾತಿನಿಂದ ಅವಳು ಏನು ಕಲಿತಿದ್ದಾಳು? ಹೆಣದ ಕೈ ಎಂದಾಗ ದೊಡ್ಡ ಡಾಕ್ಟ್ರು ಯಾರ ಮುಖವನ್ನೂ ನೋಡಿರಲಿಲ್ಲ, ಆ ಹೊಟ್ಟೆಯನ್ನೇ ನೋಡುತ್ತಿದ್ದರು. ತಾನು ಮಾತ್ರ ಹೇಳುವ ಮೊದಲೇ ಎಲ್ಲ ಚೌಕಗಳ ಮೇಲೂ ಕಣ್ಣಾಡಿಸಿದ್ದೆ ಎಂದು ಹೊಳೆದು ಅವನು ಕುರ್ಚಿಯಲ್ಲಿ ಸರಿದು ಕೂತ. ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರಂತೆ. ಐವತ್ತರ ಆಚೀಚೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಡ್ರೈವಿಂಗ್ ಸ್ಕೂಲಿನ ಹೆಸರಿನ ಪೆನ್ನು. ನಗುಮುಖದ ಮನುಷ್ಯ. "ಗ್ಯಾಸು ಮೇಡಂ, ಬರೀ ಗ್ಯಾಸು. ಮೊನ್ನೆಯಿಂದ ಎದೆಗುಂಡಿಗೆ ಹತ್ರ ಉರಿ. ನಮ್ಮದು ಹೊತ್ತಿಗೆ ಸರಿಯಾಗಿ ತಿನ್ನೋ ಕೆಲಸ ಅಲ್ಲ ನೋಡಿ. ಕಲಿಯೋರು ಗೇರು ಕಿತ್ತು ಕೈಗೆ ಕೊಡ್ತಾರೆ, ನಮಗೆ ಹೊಟ್ಟೆಲಿ ಉರಿ ಏಳುತ್ತೆ." ಅವಳು ನಕ್ಕಳು, ಮುದುಕಿಯ ನಂತರ ಅವಳಿಗೂ ಒಂದು ನಗು ಬೇಕಿತ್ತು. ಈ ಸಲ ಮಾತು ಹದವಾಗಿ ಹೋಯಿತು. ಖಾರ ತಿನ್ನುತ್ತೀರಾ, ನಿದ್ದೆ ಬರುತ್ತಾ, ಮನೆಯಲ್ಲಿ ಏನಾದರೂ ಯೋಚನೆಯಿದೆಯೇ, ಈ ಉರಿ ಏನಿರಬಹುದೆಂದು ನಿಮಗೆ ಭಯವಿದೆಯೇ ಎಂದೆಲ್ಲ ಕೇಳಿದಳು. "ಭಯ ಎಲ್ಲ ನನ್ನ ಹೆಂಡತಿಗೆ ವಹಿಸಿಬಿಟ್ಟಿದೀನಿ ಮೇಡಂ" ಅಂದ ಆತ. ಹೊಟ್ಟೆ ಮುಟ್ಟಿ ನೋಡಿದಳು, ರಕ್ತದ ಒತ್ತಡ ನೋಡಿದಳು. ಮೂಲೆಯಲ್ಲಿ ಕೂತವನು ಆತನ ಕತ್ತಿನ ಹಿಂಭಾಗ ನೋಡುತ್ತಿದ್ದ. ಕಾಲರಿನ ಒಳಅಂಚು ಒದ್ದೆಯಾಗಿತ್ತು. ಫ್ಯಾನು ಜೋರಾಗಿ ತಿರುಗುತ್ತಿತ್ತು, ಆತ ಹೊರಗೆ ಬಹಳ ಹೊತ್ತು ಕಾದೇ ಒಳಗೆ ಬಂದಿದ್ದ, ಏರು ಹತ್ತಿದ ಬೆವರಲ್ಲ ಅದು. ಮಾತಿನ ನಡುವೆ ಆತ ಎರಡು ಸಲ ಎಡಗೈಯಲ್ಲಿ ದವಡೆ ಉಜ್ಜಿಕೊಂಡ. ನಡೆದರೆ ಉರಿ ಜಾಸ್ತಿ ಆಗುತ್ತಾ, ಕೇಳು. ನಿಂತರೆ ಕಮ್ಮಿ ಆಗುತ್ತಾ, ಕೇಳು. ಮೂಲೆಯಲ್ಲಿ ಕೂತವನು ಮನಸ್ಸಿನಲ್ಲೇ ಅವಳಿಗೆ ಹೇಳುತ್ತಿದ್ದ. ಅವಳು ಕೇಳಲಿಲ್ಲ. ಬಾಯಿ ಹಾಕಬೇಕು. ಬಾಯಿ ಹಾಕಿದರೆ ಆ ಕತ್ತು ಮತ್ತೆ ಕೆಂಪಾಗುತ್ತದೆ. ಈ ಮನುಷ್ಯ ತಿರುಗಿ, ಓ ಇವರು ಇನ್ನೂ ಕಲಿಯೋರಾ ಎಂದು ನಗುತ್ತಾನೆ. ಆ ನಗುವಿನಲ್ಲಿ ಹೋದ ವಾರದ ನಗುವೂ ಸೇರಿಕೊಳ್ಳುತ್ತದೆ. ಇನ್ನೊಂದು ನಿಮಿಷ ನೋಡೋಣ, ತಾನೇ ಕೇಳುತ್ತಾಳೆ. ಬೆವರು ಸುಮ್ಮನೆಯೂ ಬರುತ್ತದೆ. ದವಡೆ ಉಜ್ಜುವುದು ಕೆಲವರ ಚಾಳಿ. ಅವಳು ಉರಿಗೆ ಮಾತ್ರೆ ಬರೆದಳು, ಆತ ಎರಡೂ ಕೈ ಜೋಡಿಸಿ, "ಇಷ್ಟು ಸಮಾಧಾನವಾಗಿ ಯಾರೂ ಕೇಳಿರಲಿಲ್ಲ ಮೇಡಂ" ಎಂದು ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ಅವಳು ಕುರ್ಚಿಯನ್ನು ಪೂರ್ತಿ ಅವನ ಕಡೆಗೆ ತಿರುಗಿಸಿದಳು. ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಿದ್ದಳು.

"ಸರ್, ನಾನು ಏನಾದರೂ ಕೇಳೋದು ಬಿಟ್ಟೆನಾ?"

"ಇಲ್ಲ, ಇಲ್ಲ" ಅಂದ ಅವನು. "ಎಲ್ಲ ಸರಿಯಾಗಿತ್ತು."

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಒಂದು ಕ್ಷಣ ಅದು ನಿಜವೆನ್ನಿಸಿತು. ಅವಳ ಭುಜ ಸಡಿಲಾದದ್ದು ಕಂಡು ಹಾಯೆನಿಸಿತು ಕೂಡ. ಹೋದ ವಾರದ ಬಾಕಿ ತೀರಿತು ಎನ್ನುವಂಥ ಒಂದು ಅಗ್ಗದ ಹಾಯಿ. ಅದರ ರುಚಿ ನಾಲಗೆಗೆ ಹತ್ತಿದೊಡನೆ ಎದ್ದು ಕಿಟಕಿಯ ಹತ್ತಿರ ಹೋದ, ಅವಳ ಮುಖ ಕಾಣದಿರಲಿ ಎಂದು. ಕೆಳಗೆ ಏರುರಸ್ತೆ. ಕಾರಿನ ಮೇಷ್ಟ್ರು ಔಷಧಿಯಂಗಡಿ ದಾಟಿ ಮೇಲಕ್ಕೆ ಹತ್ತುತ್ತಿದ್ದ. ಸ್ವಲ್ಪ ದೂರ ಹೋಗಿ ನಿಂತ. ಅಲ್ಲೊಂದು ಚಪ್ಪಲಿ ಅಂಗಡಿ. ಗಾಜಿನ ಒಳಗೆ ಪುಟ್ಟ ಹೆಣ್ಣುಮಕ್ಕಳ ಗುಲಾಬಿ ಬಣ್ಣದ ಶೂಗಳನ್ನು ಜೋಡಿಸಿದ್ದರು. ಆತ ಅವನ್ನೇ ನೋಡುತ್ತ ನಿಂತ. ಬಹಳ ಹೊತ್ತು ನೋಡಿದ. ಒಂದು ಕೈ ಗಾಜಿನ ಮೇಲಿತ್ತು. ಆಮೇಲೆ ನಡೆದ, ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತ, ಈ ಸಲ ಷಟರ್ ಎಳೆದ ಅಂಗಡಿಯ ಮುಂದೆ, ನೋಡಲು ಏನೂ ಇಲ್ಲದ ಕಡೆ. ಎದೆನೋವಿನವರು ದಾರಿಯಲ್ಲಿ ಹೀಗೆ ನಿಲ್ಲುತ್ತಾರೆ, ಯಾರಿಗೂ ತಿಳಿಯದಿರಲೆಂದು ಅಂಗಡಿ ನೋಡುವ ಹಾಗೆ ಮಾಡುತ್ತಾರೆ ಎಂದು ಎಷ್ಟು ವರ್ಷ ಪಾಠ ಹೇಳಿದ್ದಾನೆ, ಎಷ್ಟು ಚೌಕಗಳಿಗೆ!

"ಇಸಿಜಿ ಮಷೀನು ಹಾಕಿ" ಎಂದು ಸಿಸ್ಟರಿಗೆ ಕೂಗಿ ಅವನು ಮೆಟ್ಟಿಲು ಇಳಿದ. ಓಡಿ ಎಷ್ಟು ವರ್ಷವಾಗಿತ್ತೋ. ಕ್ಲಿನಿಕ್ಕಿನ ಚಪ್ಪಲಿ ಪಟಪಟ ಬಡಿಯಿತು, ಔಷಧಿಯಂಗಡಿಯವನು ಹೊರಗೆ ಬಗ್ಗಿ ನೋಡಿದ. ಕಾರಿನ ಮೇಷ್ಟ್ರು ಅವನನ್ನು ಕಂಡು ಅಪರಾಧ ಮಾಡಿ ಸಿಕ್ಕಿಬಿದ್ದವನಂತೆ ಷಟರಿನಿಂದ ಕೈ ತೆಗೆದ. "ಏನಿಲ್ಲ ಸಾರ್, ಸುಮ್ನೆ ನಿಂತಿದ್ದೆ." "ಗೊತ್ತು. ಹಿಂದಕ್ಕೆ ಬನ್ನಿ, ನಿಧಾನಕ್ಕೆ. ನನ್ನ ಭುಜ ಹಿಡ್ಕೊಳ್ಳಿ." "ಮೇಡಂ ನೋಡಿದರಲ್ಲ?" "ನೋಡಿದರು. ನಾನು ನೋಡಿಯೂ ಹೇಳಲಿಲ್ಲ." ತನ್ನ ಉತ್ತರ ಆತನಿಗೆ ಅರ್ಥವಾಗಲಿಲ್ಲವೆಂದು ಅವನಿಗೆ ಗೊತ್ತಿತ್ತು. ಭುಜದ ಮೇಲಿನ ಕೈ ಒದ್ದೆಯಾಗಿ ತಣ್ಣಗಿತ್ತು. ಹಿಂದೆಯೇ ಓಡಿಬಂದಿದ್ದ ಅವಳು ಇನ್ನೊಂದು ಕಡೆಯಿಂದ ಆತನನ್ನು ಹಿಡಿದುಕೊಂಡಳು. ಮೆಟ್ಟಿಲು ಹತ್ತಿಸುವುದು ಬೇಡವೆಂದು ಔಷಧಿಯಂಗಡಿಯವನ ಬೆಂಚಿನ ಮೇಲೆಯೇ ಮಲಗಿಸಿದರು, ಸಿಸ್ಟರ್ ಮಷೀನನ್ನು ಕೆಳಗೇ ತಂದಳು. ಕಾಗದದ ಪಟ್ಟಿ ಹೊರಬರುತ್ತಿದ್ದಂತೆ ಅವನು ಅದನ್ನು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಆಸ್ಪಿರಿನ್ ಮಾತ್ರೆಯನ್ನು ಆತನ ಬಾಯಿಗೆ ತಾನೇ ಇಟ್ಟು, "ನುಂಗಬೇಡಿ, ಅಗಿಯಿರಿ" ಎಂದಳು. ಅವನು ಆಂಬುಲೆನ್ಸಿಗೂ ದೊಡ್ಡ ಆಸ್ಪತ್ರೆಗೂ ಫೋನು ಮಾಡಿದ. "ಗ್ಯಾಸಲ್ವಾ ಹಾಗಾದ್ರೆ?" ಎಂದು ಆತ ಮಲಗಿದಲ್ಲಿಂದ ಕೇಳಿದ. ನಗು ಇನ್ನೂ ಮುಖದ ಮೇಲಿತ್ತು, ತೆಗೆಯುವುದನ್ನು ಮರೆತ ಹಾಗೆ. "ಅಲ್ಲ. ಹೃದಯದ್ದು. ಒಳಗಿದ್ದಾಗಲೇ ನನಗೆ ಅನುಮಾನ ಬಂದಿತ್ತು, ನಾನು ಹೇಳಲಿಲ್ಲ. ತಪ್ಪು ನಂದು. ಈಗ ಹೊತ್ತು ಮೀರಿಲ್ಲ" ಅಂದ ಅವನು. ಆತ ಅವನನ್ನೂ ಅವಳನ್ನೂ ನೋಡಿ, ಕಣ್ಣು ಮುಚ್ಚಿಕೊಂಡು, "ನನ್ನ ಹೆಂಡತಿಗೆ ನೀವೇ ಹೇಳಿ ಮೇಡಂ" ಎಂದ. ನಂಬರು ಹೇಳಿದ. ಅವಳು ಪಕ್ಕಕ್ಕೆ ಹೋಗಿ ಆ ಹೆಂಗಸಿನ ಹತ್ತಿರ ಮಾತಾಡಿದಳು. ಗಾಬರಿಯಾಗಬೇಡಿ ಎಂದು ಹೇಳಲಿಲ್ಲ. ಯಾವ ಆಸ್ಪತ್ರೆ, ಯಾವ ಬಾಗಿಲು, ಯಾರನ್ನು ಕೇಳಬೇಕು, ಜೊತೆಗೆ ಯಾರನ್ನು ಕರೆದುಕೊಂಡು ಬರಬಹುದು, ಅಷ್ಟನ್ನೇ ಬಿಡಿಸಿ ಬಿಡಿಸಿ ಹೇಳಿದಳು. ಇದನ್ನು ತಾನು ಯಾವ ಪಾಠದಲ್ಲೂ ಹೇಳಿರಲಿಲ್ಲ ಎಂದುಕೊಂಡ ಅವನು.

ಆಂಬುಲೆನ್ಸ್ ತಿರುವಿನಲ್ಲಿ ಮರೆಯಾದ ಮೇಲೆ ಇಬ್ಬರೂ ಮೆಟ್ಟಿಲು ಹತ್ತಿದರು. ಹೊರಗೆ ಕಾಯುತ್ತಿದ್ದವರ ಗುಸುಗುಸು ನಿಂತಿತು. ಒಳಗೆ ಬಂದು ಅವಳು ಬಾಗಿಲು ಹಾಕಿದಳು, ದೊಡ್ಡ ಕುರ್ಚಿಯಲ್ಲಿ ಕೂರಲಿಲ್ಲ.

"ನಾನು ಕೇಳಿದೆ ಸರ್. ಏನಾದರೂ ಬಿಟ್ಟೆನಾ ಅಂತ."

"ಕೇಳಿದ್ರಿ."

"ನಿಮಗೆ ಗೊತ್ತಿತ್ತು."

"ಅನುಮಾನ ಇತ್ತು." ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಗೊತ್ತಿತ್ತು" ಅಂದ.

"ಮತ್ತೆ ಯಾಕೆ ಸರ್?"

ಯಾಕೆಂದು ಹೇಳಲು ಅವನು ಬಾಯಿ ತೆರೆದ. ಹೋದ ವಾರದಿಂದ ಟೈಪು ಮಾಡಿ ಅಳಿಸಿದ ಮಾತುಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಅವತ್ತು ಎಲ್ಲರ ಮುಂದೆ ನಿಮ್ಮನ್ನು ನಗೆಪಾಟಲು ಮಾಡಿದೆ, ಅದು ಮನಸ್ಸಿನಲ್ಲಿ ಕೊರೀತಾ ಇತ್ತು, ಇವತ್ತು ಮತ್ತೆ ರೋಗಿಯ ಮುಂದೆ ಬೇಡ ಅನ್ನಿಸಿತು. ಹೇಳುತ್ತ ಹೇಳುತ್ತ, ಇದರಲ್ಲಿ ಅವಳ ವಿಷಯ ಎಷ್ಟು ಕಡಿಮೆ, ತನ್ನದೇ ಎಷ್ಟು ಹೆಚ್ಚು ಎಂದು ಅವನ ಕಿವಿಗೇ ಕೇಳಿಸತೊಡಗಿತು. ಮಾತು ಅರ್ಧಕ್ಕೆ ಬಿಟ್ಟು, "ಕ್ಷಮಿಸಿ. ಎರಡಕ್ಕೂ" ಎಂದ.

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. "ನಮ್ಮ ಮನೆ ಇರೋದೇ ಒಂದೂವರೆ ಕೋಣೆ ಸರ್" ಎಂದಳು. "ಮಾವನಿಗೆ ಹುಷಾರಿಲ್ಲ, ಮಕ್ಕಳು ಚಿಕ್ಕವು. ಚಿಲಕ ಇರೋ ಬಾಗಿಲು ಅದೊಂದೇ. ಅವತ್ತು ನೀವು ಹಾಗಂದಾಗ ಬಾಗಿಲಾಚೆಯಿಂದ ನಮ್ಮತ್ತೆಗೂ ಕೇಳಿಸ್ತು. ಏನು ನಗು ಅದು, ಪಾಠಾನೋ ನಾಟಕಾನೋ ಅಂದ್ರು. ಬೇಜಾರಾಯ್ತು. ಸುಳ್ಳು ಯಾಕೆ ಹೇಳ್ಲಿ, ಇವತ್ತು ಇಲ್ಲಿಗೆ ಬರೋದೇ ಬೇಡ ಅಂತಿದ್ದೆ. ಆದ್ರೂ ಬಂದೆ. ಬೇರೆ ಯಾರೂ ನನ್ನ ತಪ್ಪು ಹೇಳೋರಿಲ್ಲ ಸರ್. ನಾನು ಬರೆದು ಕಳಿಸಿದ್ದಕ್ಕೆಲ್ಲ ಆ ಕಂಪ್ಯೂಟರು ಸರಿ ಸರಿ ಅಂತ ಹಸಿರು ಗುರುತು ಹಾಕುತ್ತೆ. ನೀವು ಕಿವಿ ಹಿಂಡ್ತೀರಿ ಅಂತಾನೇ ಎಲ್ಲರೂ ಹೇಳಿದ್ದು. ನಾನು ಬಚ್ಚಲಲ್ಲಿ ಕೂತು ಕಲಿತಾ ಇರೋದು ನಿಮ್ಮ ಮುಲಾಜಿಗಲ್ಲ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು, ಆದರೆ ಅದು ಸಿಟ್ಟು. ಅವನಿಗೆ ಒಂದು ಥರ ಬಿಡುಗಡೆಯೂ ಆಯಿತು, ಆ ಬಿಡುಗಡೆಯ ಬಗ್ಗೆ ನಾಚಿಕೆಯೂ ಆಯಿತು. ಅವಳು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಿದಳೋ ಇಲ್ಲವೋ ಎಂದು ತನಗೆ ಎಂದೂ ಗೊತ್ತಾಗದೆ ಇರಬಹುದು, ಗೊತ್ತಾಗಲೇಬೇಕೆಂದು ಕೇಳುವ ಹಕ್ಕೂ ತನಗಿಲ್ಲ ಎಂದು ಅವನಿಗೆ ತೋರಿತು. "ಆತ ನಡೆದಾಗ ಉರಿ ಜಾಸ್ತಿ ಆಗುತ್ತಾ ಅಂತ ಕೇಳಬೇಕಿತ್ತು" ಎಂದ. "ಮಾತು ಚೆನ್ನಾಗಿ ಹೋಗ್ತಾ ಇದ್ದಾಗಲೇ ನಾವು ಮರೆಯೋದು. ಆತ ನಗಿಸಿದ, ನೀವು ನಕ್ಕಿರಿ, ಅಲ್ಲಿಗೆ ಕಣ್ಣು ಸಡಿಲವಾಯ್ತು. ಕಾಲರ್ ನೋಡಿದ್ರಾ?" "ಇಲ್ಲ ಸರ್." "ದವಡೆ?" ಅವಳು ಇಲ್ಲವೆಂದು ತಲೆಯಾಡಿಸಿದಳು, ಕೆಳತುಟಿ ಕಚ್ಚಿಕೊಂಡು. ಅವನು ಒಂದೊಂದಾಗಿ ಹೇಳಿದ. ಅವಳ ಕತ್ತು ಕೆಂಪಾಯಿತು, ಕಿವಿಯೂ ಕೆಂಪಾಯಿತು. ಅವನು ನಿಲ್ಲಿಸಲಿಲ್ಲ.

ಸಿಸ್ಟರ್ ಬಾಗಿಲು ಬಡಿದು ತಲೆ ಹಾಕಿದಳು. ದೊಡ್ಡ ಆಸ್ಪತ್ರೆಯಿಂದ ಫೋನು: ಮುಚ್ಚಿಕೊಂಡಿದ್ದ ರಕ್ತನಾಳ ತೆಗೆಯಲು ಆತನನ್ನು ಒಳಗೆ ಕರೆದುಕೊಂಡು ಹೋದರಂತೆ, ಮಾತಾಡುತ್ತಾ ಇದ್ದನಂತೆ, ಹೆಂಡತಿ ಬಂದು ಸೇರಿದಳಂತೆ. "ಬದುಕ್ತಾನೆ ಅಂದ್ರಾ?" ಎಂದು ಅವಳು ಕೇಳಿದಳು. "ಹಾಗೆಲ್ಲ ಅವರು ಬಾಯಿಬಿಟ್ಟು ಹೇಳ್ತಾರಾ ಮೇಡಂ? ಆದ್ರೆ ದನಿ ಚೆನ್ನಾಗಿತ್ತು" ಅಂದಳು ಸಿಸ್ಟರ್. "ಹೊರಗೆ ಒಂದು ಮಗು ಕಿವಿನೋವಿಗೆ ಕಟ್ಟಡ ಹಾರಿಹೋಗೋ ಹಾಗೆ ಅಳ್ತಾ ಇದೆ. ಕಳಿಸಲಾ?"

ಅವಳು ಮುಖ ಒರೆಸಿಕೊಂಡು ದೊಡ್ಡ ಕುರ್ಚಿಯಲ್ಲಿ ಕೂತಳು. ಅವನು ಮೂಲೆಗೆ ಹೋದ. ತಾಯಿಯ ತೊಡೆಯ ಮೇಲೆ ಕೂತ ಪುಟ್ಟ ಹುಡುಗಿ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಯಾರಾದರೂ ಹತ್ತಿರ ಬಂದರೆ ಕಚ್ಚಿಯೇ ಬಿಡುವವಳಂತೆ ನೋಡುತ್ತಿದ್ದಳು. ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದಳು ತಾಯಿ. ಅವಳು ತಾಯಿಯ ಹತ್ತಿರ ಜ್ವರ ಕೇಳಿದಳು, ನೆಗಡಿ ಕೇಳಿದಳು, ಕಿವಿ ನೋಡುವ ದೀಪವನ್ನು ಹೊತ್ತಿಸಿಕೊಂಡು, "ಎಲ್ಲಿ ಪುಟ್ಟಿ, ನೋವಿರೋ ಕಿವಿ ತೋರಿಸು" ಎಂದು ಮುಂದಕ್ಕೆ ಬಾಗಿದಳು. ಮಗು ಚೀರಿತು.

"ನಿಲ್ಲಿ ಡಾಕ್ಟರ್" ಎಂದ ಅವನು, ತಾಯಿಗೂ ಕೇಳಿಸುವ ಹಾಗೆ. "ತಪ್ಪು. ಮೊದಲು ಆ ಕಡೆ ಕಿವಿ."

ತಾಯಿ ಬೆಚ್ಚಿ ಹಿಂತಿರುಗಿ ನೋಡಿದಳು, ಆಮೇಲೆ ದೀಪ ಹಿಡಿದವಳ ಮುಖ ನೋಡಿದಳು. ಅವಳ ಕೈ ಗಾಳಿಯಲ್ಲೇ ನಿಂತಿತ್ತು. ಕತ್ತು ನಿಧಾನವಾಗಿ ಕೆಂಪೇರಿತು.

"ಯಾಕೆ ಸರ್?" ಎಂದು ಕೇಳಿದಳು. ತಲೆ ಎತ್ತಲಿಲ್ಲ. ಕಣ್ಣು ಮಗುವಿನ ಮೇಲೆಯೇ ಇತ್ತು.

"ನೋವಿಲ್ಲದ ಕಿವಿ ನೋಡಿದರೆ, ಇದರಿಂದ ನೋವಾಗಲ್ಲ ಅಂತ ಅವಳಿಗೆ ಗೊತ್ತಾಗುತ್ತೆ. ನೋಯೋ ಕಿವಿ ಆಮೇಲೆ ಅವಳೇ ಕೊಡ್ತಾಳೆ."

ಅವಳು ದೀಪವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಕುರ್ಚಿಯಿಂದಿಳಿದು ಮಗುವಿನ ಇನ್ನೊಂದು ಪಕ್ಕಕ್ಕೆ ಹೋಗಿ ನೆಲಕ್ಕೆ ಮಂಡಿಯೂರಿದಳು. ಮಗು ಅಳು ನಿಲ್ಲಿಸಿ ಅನುಮಾನದಿಂದ ಅವಳನ್ನು ನೋಡಿತು. ಅವಳು ಅವಸರ ಮಾಡಲಿಲ್ಲ, ದೀಪದ ಬೆಳಕನ್ನು ತನ್ನ ಅಂಗೈ ಮೇಲೆ ಬಿಟ್ಟು ತೋರಿಸಿದಳು, ಆಮೇಲೆ ಬಲಗಿವಿಯ ಹತ್ತಿರ ತಂದಳು. ಸ್ವಲ್ಪ ಹೊತ್ತಾದ ಮೇಲೆ ಮಗು ಎಡಗಿವಿಯಿಂದ ಅಂಗೈಯನ್ನು ತೆಗೆಯಿತು.